ಪುಸ್ತಕ ಮುಚ್ಚಿದ ಮೇಲೆ

ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮಗಳಿಗೆ ಜೀವಶಾಸ್ತ್ರದಲ್ಲಿ 70ಕ್ಕೆ 21 ಅಂಕ ಬಂತು. "ಅಬ್ಬಾ, ನನಗೆ ಈ ವಿಜ್ಞಾನ ಬೇಡ" ಎಂದು ಅತ್ತಳು. ನಾನು ಮದ್ರಸದಲ್ಲಿ ಕಲಿತವನು, ಬಿ.ಎ.ಯನ್ನೂ ಕಂಠಪಾಠದಿಂದಲೇ ದಾಟಿದವನು. "ಇನ್ನೂ ಹತ್ತು ಸಲ ಓದು" ಎಂದು ಗದರಿದೆ. ಓದಿದಳು. ಮರುದಿನ ಎಲ್ಲವೂ ಮರೆತುಹೋಗಿತ್ತು.

ಒಂದು ರಾತ್ರಿ ಪುಸ್ತಕ ಮುಚ್ಚಿಸಿ, "ನನಗೇ ಪಾಠ ಮಾಡು ನೋಡೋಣ" ಎಂದೆ. ರಕ್ತದ ಗುಂಪುಗಳ ಪಾಠ. ಅವಳು ತಡವರಿಸಿದಾಗ ಕೇಳಿದೆ: "ನನ್ನದು ಎ, ನಿನ್ನ ಅಮ್ಮಿಯದು ಬಿ. ನಿನ್ನದು ಓ ಹೇಗಾಯಿತು?" ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಅವಳು ಸ್ವಲ್ಪ ಯೋಚಿಸಿ ನಾಲ್ಕು ಮನೆಗಳ ಚೌಕ ಬರೆದಳು. "ನಿಮ್ಮಿಬ್ಬರಲ್ಲೂ ಓ ಗುಂಪಿನ ಒಂದೊಂದು ಜೀನ್ ಅಡಗಿದೆ ಅಬ್ಬಾ. ಎ ಮತ್ತು ಬಿ ಪ್ರಬಲವಾದ್ದರಿಂದ ಅದು ನಿಮ್ಮಲ್ಲಿ ಕಾಣಿಸಲಿಲ್ಲ. ನನಗೆ ಎರಡೂ ಕಡೆಯಿಂದ ಅದೇ ಬಂತು. ನಿಮ್ಮ ಮಕ್ಕಳಿಗೆ ಎ, ಬಿ, ಎಬಿ, ಓ ಯಾವುದೂ ಬರಬಹುದು." ಹೇಳುತ್ತಾ ಅವಳ ಮುಖ ಅರಳಿತು.

ಅಂದಿನಿಂದ ಅದೇ ಕ್ರಮ. ಓದಿದ ಮೇಲೆ ಪುಸ್ತಕ ಮುಚ್ಚಿ ಚಿತ್ರ ಬರೆಯುವುದು, ಭಾಗಗಳನ್ನು ಗುರುತಿಸುವುದು, ಮತ್ತೆ ತೆರೆದು ತಪ್ಪು ತಿದ್ದುವುದು. ವಾರ ಬಿಟ್ಟು ಅದನ್ನೇ ಇನ್ನೊಮ್ಮೆ. ಅಂತಿಮ ಪರೀಕ್ಷೆಯಲ್ಲಿ 54 ಅಂಕ ಬಂತು.

ಪಾಠ ಒಪ್ಪಿಸಿದ ಮೇಲೆ ನನ್ನ ಉಸ್ತಾದರು ಅದರ ಅರ್ಥವನ್ನೂ ಕೇಳುತ್ತಿದ್ದರು. ಒಪ್ಪಿಸಿದ್ದು ನನಗೆ ನೆನಪಿತ್ತು, ಅವರು ಕೇಳುತ್ತಿದ್ದುದು ಮರೆತಿತ್ತು. ಮಕ್ಕಳ ಪಾಠ ನಮಗೆ ಬರಬೇಕೆಂದೇನೂ ಇಲ್ಲ. ಪಕ್ಕದಲ್ಲಿ ಕುಳಿತು ಕೇಳುವ ತಾಳ್ಮೆ ಇದ್ದರೆ ಸಾಕು.