ಪ್ರವಾಸದ ಪತ್ರ ಕನ್ನಡದಲ್ಲೂ ಬರಲಿ

ಶಾಲೆಯ ಪ್ರವಾಸದ ಒಪ್ಪಿಗೆ ಪತ್ರದ ಕೆಳಗೆ ತಾಯಿಯ ಸಹಿ ಉಂಟು. ಮಗುವಿಗೆ ಕಾಯಿಲೆ ಏನಾದರೂ ಇದೆಯೇ, ದಾರಿಯಲ್ಲಿ ಮದ್ದು ಕೊಡಲಿಕ್ಕುಂಟೇ ಎಂದು ಕೇಳುವ ಸಾಲು ಮಾತ್ರ ಖಾಲಿ. ಆ ಹುಡುಗನಿಗೆ ಉಬ್ಬಸ ಇರುವುದು ನಮ್ಮ ಬೈಲಿನಲ್ಲಿ ಎಲ್ಲರಿಗೂ ಗೊತ್ತು. ಹೊರಟಿರುವುದು ಮಡಿಕೇರಿ ದಾರಿಯಾಗಿ ಮೈಸೂರಿಗೆ, ಅದೂ ಚಳಿಯಲ್ಲಿ. ತಾಯಿಗೆ ಫೋನ್ ಮಾಡಿದೆ.

"ಅದ್ರಲ್ಲಿ ಎಂತ ಬರ್ದಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಅಕ್ಕಾ? ಪೂರಾ ಮಲಯಾಳ. ಸಹಿ ಹಾಕಿ ಕಳ್ಸಿ ಅಂದ್ರು, ಕಳ್ಸಿದೆ."

ಮಗು ಕಲಿಯುವುದು ಕನ್ನಡ ಮಾಧ್ಯಮದಲ್ಲಿ.

ನನ್ನದು ಮನೆಯ ಚಾವಡಿಯಲ್ಲೇ ನಡೆಯುವ ಟ್ರಾವೆಲ್ಸ್ ಕೆಲಸ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕರೆಂಟು ಹೋದರೆ ಇನ್ವರ್ಟರ್. ಮಂಗಳೂರಿನಿಂದ ಗಲ್ಫಿಗೆ ಹಾರುವವರ ಟಿಕೆಟು, ರೈಲು, ಶಾಲೆಗಳ ಪ್ರವಾಸಕ್ಕೆ ಬಸ್ಸು ಗೊತ್ತು ಮಾಡುವುದು, ಎಲ್ಲ ಇಲ್ಲಿಂದಲೇ. ರೈಲು ಟಿಕೆಟಿಗೆ ಸಿಗುವುದು ಸ್ಲೀಪರಾದರೆ 20 ರೂಪಾಯಿ, ಎಸಿಯಾದರೆ 40. 2025ರ ಜುಲೈಯಿಂದ ತತ್ಕಾಲ್ ಶುರುವಾದ ಮೊದಲ ಅರ್ಧ ಗಂಟೆ ಏಜೆಂಟರಿಗೆ ಬಾಗಿಲು ಹಾಕಿದೆ. 10 ಗಂಟೆಗೆ ಫೋನು ಮಾಡಿ "ಚೇಚೀ, ಕಿಟ್ಟಿಯೋ?" ಎಂದು ಕೇಳುವ ಗಿರಾಕಿಗೂ, "ಸಿಕ್ಕಿತಾ ಅಕ್ಕಾ?" ಎನ್ನುವವರಿಗೂ, ತುಳುವಿನಲ್ಲಿ ವಿಚಾರಿಸುವವರಿಗೂ ಅವರವರ ಭಾಷೆಯಲ್ಲೇ "ಇನ್ನೂ ಅರ್ಧ ಗಂಟೆ ತಡೀರಿ" ಎಂದು ಹೇಳುತ್ತೇನೆ. ಕಾಸರಗೋಡಿನಲ್ಲಿ ಈ ಕೆಲಸ ಮಾಡುವವರಿಗೆ ಇದು ದೊಡ್ಡ ಸಂಗತಿಯೇ ಅಲ್ಲ. ದುಡ್ಡು ಕೊಟ್ಟು ಪ್ರಯಾಣ ಹೊರಟವರಿಗೆ ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದು ಸರಿಯಾಗಿ ಅರ್ಥವಾಗಲೇಬೇಕು.

ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಮಲಯಾಳಿಗಳು. ಅವರು ಅತಿ ಹೆಚ್ಚು ಕೇಳುವ ಊರು ಕೊಲ್ಲೂರು. ಮೂಕಾಂಬಿಕೆಯ ಮೇಲೆ ಅವರಿಗಿರುವ ಭಕ್ತಿ ನೋಡಿದರೆ ನನಗೇ ಕಣ್ಣು ತುಂಬುತ್ತದೆ. ಗಾಯಕ ಯೇಸುದಾಸರು ಜನವರಿ 10ರ ಹುಟ್ಟುಹಬ್ಬಕ್ಕೆ ವರ್ಷಾನುಗಟ್ಟಲೆ ಅಲ್ಲಿಗೆ ಬಂದು ಹಾಡಿದ್ದು ಇಡೀ ಕೇರಳಕ್ಕೆ ಗೊತ್ತು. ರೈಲ್ವೆಯ ಮುಂಗಡ ಬುಕಿಂಗು 120 ದಿನದಿಂದ 60ಕ್ಕೆ ಇಳಿದ ಮೇಲಂತೂ, ನವರಾತ್ರಿಗೆ ಎರಡು ತಿಂಗಳು ಇರುವಾಗಲೇ ಬೈಂದೂರಿನ ಮೂಕಾಂಬಿಕಾ ರೋಡ್ ಸ್ಟೇಷನ್ನಿಗೆ ಟಿಕೆಟು ಬೇಕೆಂದು ಕರೆಗಳು ಸುರಿಯುತ್ತವೆ. ವಿಜಯದಶಮಿಯ ದಿನ ಮಗುವನ್ನು ಸರಸ್ವತಿ ಮಂಟಪದಲ್ಲಿ ಕೂರಿಸಿ, ಅಕ್ಕಿಯ ಮೇಲೆ ಬೆರಳು ಹಿಡಿದು ಹರಿಶ್ರೀ ಬರೆಸಬೇಕು. ಅದಕ್ಕಾಗಿ ದೂರದ ಜಿಲ್ಲೆಗಳಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ಬರುತ್ತಾರೆ.

ಅಲ್ಲಿ ಅವರನ್ನು ಯಾರೂ ಹೊರಗಿನವರಂತೆ ಕಾಣುವುದಿಲ್ಲ. ಕೊಲ್ಲೂರಿನ ಪೇಟೆಯಲ್ಲಿ ಮಲಯಾಳದ ಫಲಕಗಳಿವೆ. ಲಾಡ್ಜಿನವರು ಮಲಯಾಳದಲ್ಲೇ ಮಾತನಾಡುತ್ತಾರೆ. ಕೊಡಚಾದ್ರಿಗೆ ಹತ್ತಿಸುವ ಜೀಪಿನ ಚಾಲಕ ಬಾಡಿಗೆಯನ್ನೂ ದಾರಿಯ ಕಷ್ಟವನ್ನೂ ಮಲಯಾಳದಲ್ಲೇ ಹೇಳುತ್ತಾನೆ. ಉಡುಪಿ ಜಿಲ್ಲೆಯ ಕಾಡಿನಂಚಿನ ಒಂದು ಊರು ಬಂದವರ ಭಾಷೆಯನ್ನು ಇಷ್ಟು ಸಲೀಸಾಗಿ ಕಲಿತದ್ದು ನನಗೆ ಹೆಮ್ಮೆಯ ವಿಷಯ. ಇದರಿಂದ ಕನ್ನಡಕ್ಕೆ ಕೊರತೆಯೇನೂ ಆಗಿಲ್ಲ.

ನನ್ನ ಹೊಟ್ಟೆಯುರಿ ಇರುವುದು ಇಲ್ಲಿ. ಮಲಯಾಳಿ ಕಂದ ಕನ್ನಡದ ನೆಲದಲ್ಲಿ ತನ್ನ ಭಾಷೆಯ ಮೊದಲ ಅಕ್ಷರ ತಿದ್ದುತ್ತದೆ. ಕನ್ನಡದ ಕಂದ ತಾನು ಹುಟ್ಟಿದ ಊರಿನಲ್ಲಿ, ತನ್ನ ಮಾಧ್ಯಮದ ಶಾಲೆಯಿಂದ, ಅಮ್ಮನಿಗೆ ಓದಲು ಬಾರದ ಕಾಗದ ಹಿಡಿದು ಮನೆಗೆ ಬರುತ್ತದೆ. ಅಲ್ಲಿ ಒಂದೆರಡು ದಿನ ಇದ್ದು ಹೋಗುವ ಯಾತ್ರಿಕರಿಗೆ ಸಿಗುವ ಮರ್ಯಾದೆ ಇಲ್ಲಿ ತಲೆತಲಾಂತರದಿಂದ ಬದುಕಿದವರಿಗೆ ಸಿಗುವುದಿಲ್ಲ.

ಶಾಲೆಗೆ ಹೋಗಿ ಹೇಳಿದೆ. ಪತ್ರ ಬರೆದ ಟೀಚರ್ ತೆಂಕಣ ಜಿಲ್ಲೆಯವರು, ಸಣ್ಣ ಪ್ರಾಯ. ಉಬ್ಬಸದ ಮಾತು ಕೇಳಿದ್ದೇ ಅವರ ಮುಖ ಬಿಳಿಚಿಕೊಂಡಿತು. ಅಂದು ಸಂಜೆಯೇ ನಮ್ಮ ಚಾವಡಿಗೆ ಬಂದರು. ನಾನು ಕನ್ನಡದಲ್ಲಿ ಪತ್ರ ಟೈಪು ಮಾಡಿದೆ, ಅವರು ಪಕ್ಕದಲ್ಲಿ ಕೂತು ಒಂದೊಂದೇ ಸಾಲಿನ ಅರ್ಥ ಹೇಳಿದರು. ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಮಕ್ಕಳ ಬಸ್ಸು ಓಡಿಸಬಾರದೆಂಬ ನಿಯಮ, ತಂಗುವ ಜಾಗ, ಮದ್ದಿನ ಸಾಲು, ಎಲ್ಲವೂ ಬಂತು. ಹೋಗುವಾಗ ಪ್ರತಿಯೊಬ್ಬ ತಾಯಿಯ ಫೋನ್ ನಂಬರು ಬರೆದುಕೊಂಡರು. ಒಳ್ಳೆಯ ಹೆಣ್ಣುಮಗಳು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿ ಕಳಿಸುವವರ ಮೇಲೆ ಸಿಟ್ಟು. ಅವರಿಂದಾಗಿ ಮಗುವಿಗೂ ಕಷ್ಟ, ಆ ಟೀಚರಿಗೂ ಕಷ್ಟ.

ಬಸ್ಸು ಗೊತ್ತು ಮಾಡಲು ಬರುವ ಕನ್ನಡ ಶಾಲೆಗಳಿಗೆಲ್ಲ ಈಗ ಒಂದೇ ಮಾತು ಹೇಳುತ್ತಿದ್ದೇನೆ. ಮಲಯಾಳದ ಪತ್ರ ಬೇಡ ಎನ್ನುವುದಿಲ್ಲ. ಜೊತೆಗೆ ಕನ್ನಡದ ಪತ್ರವೂ ಇರಬೇಕು, ಅದನ್ನು ಓದಿಯೇ ತಾಯಂದಿರು ಸಹಿ ಹಾಕಿರಬೇಕು. ಬರೆಯುವವರು ಇಲ್ಲವೆಂದರೆ ನಾನೇ ಬರೆದುಕೊಡುತ್ತೇನೆ, ಅದಕ್ಕೆ ಹಣ ಬೇಡ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಇದೇ ಕೆಲಸದಲ್ಲಿರುವವರೂ ಹೀಗೆ ಪಟ್ಟು ಹಿಡಿಯಲಿ. ತಾಯಂದಿರೇ, ನಿಮಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ಕನ್ನಡದಲ್ಲಿ ಕೊಡಿ ಎಂದು ಬರೆದು ಹಿಂದೆ ಕಳಿಸಿ. ಅದು ನಿಮ್ಮ ಹಕ್ಕು. ಮಗುವಿನ ಜೀವದ ವಿಷಯದಲ್ಲಿ ದಾಕ್ಷಿಣ್ಯ ಬೇಡ.