ಮಾಂಡವಿಯ ಎರಡು ದಡಗಳು

ಡಿಚೋಲಿ ತಾಲ್ಲೂಕಿನ ನಾರ್ವೆಯಲ್ಲಿ ಫೆರಿ ಹತ್ತಿ ನದಿ ದಾಟಿದರೆ ದಿವಾಡಿ ದ್ವೀಪ. ಆ ದಡದಲ್ಲಿಯೂ ನಾರ್ವೆ ಎಂಬ ಊರೇ ಇದೆ. ಗೋವೆಯ ಕದಂಬರ ಕುಲದೈವ ಸಪ್ತಕೋಟೀಶ್ವರನ ಮೂಲಸ್ಥಾನವದು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಗುಡಿಯನ್ನು ಕೆಡವಲು, ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಈಚೆಯ ದಡಕ್ಕೆ ತಂದರು. ಇಲ್ಲಿಯ ದೇವಾಲಯವನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು.

ದಿವಾಡಿಯ ಪಿಯೆದಾದೆ ಗುಡ್ಡದ ಮೇಲೆ ಮೇರಿಮಾತೆಯ ಪುರಾತನ ಇಗರ್ಜಿಯಿದೆ. ಅದರ ಬಳಿಯ ಸ್ಮಶಾನದ ಚಿಕ್ಕ ಪ್ರಾರ್ಥನಾಲಯದಲ್ಲಿ ಕದಂಬರ ಕಾಲದ ಕೆತ್ತನೆಯ ಕಲ್ಲುಗಳು ಉಳಿದುಬಂದಿವೆ. ಆ ಕಲ್ಲುಗಳ ನೆರಳಿನಲ್ಲಿಯೇ ದ್ವೀಪದ ಕೊಂಕಣಿ ಕ್ರೈಸ್ತರು ತಮ್ಮ ಹಿರಿಯರನ್ನು ಮಣ್ಣು ಮಾಡಿ ದೀಪ ಹಚ್ಚಿದ್ದಾರೆ. ಮತ ಬೇರೆಯಾಯಿತು, ನೆಲ ಬೇರೆಯಾಗಲಿಲ್ಲ.

ದುಡಿಮೆಯನ್ನರಸಿ ಘಟ್ಟವಿಳಿದು ಬಂದ ನಮ್ಮವರ ಮಕ್ಕಳು, “ಗುರುಗಳೇ, ನಾವು ಈ ಊರಿನವರೇ?” ಎಂದು ಕೇಳುತ್ತಿದ್ದರು. ಕನ್ನಡದಲ್ಲಿಯೂ ಶಾಸನ ಬರೆಸಿದ ಕದಂಬರ ಹೆಸರು ಹೇಳಿ ‘ಹೌದು’ ಎನ್ನುವುದು ಸುಲಭ. ಆದರೆ ಅರಸರ ಹೆಸರಿನಿಂದ ಊರು ನಮ್ಮದಾಗದು. ಒಂದು ದಡದಲ್ಲಿ ಲಿಂಗವನ್ನು, ಇನ್ನೊಂದು ದಡದಲ್ಲಿ ಹಳೆಯ ಕಲ್ಲುಗಳನ್ನು ಉಳಿಸಿಕೊಂಡ ಜನರಂತೆ, ಕೈಗೆ ಬಂದುದನ್ನು ಕಾಯ್ದುಕೊಂಡವರಿಗೇ ಊರು ಒಲಿಯುತ್ತದೆ. ನಮ್ಮ ಕೈಗೆ ಬಂದುದು ಈ ಕನ್ನಡ ಶಾಲೆ. ಅದನ್ನು ಕಾಯುವ ಹೊಣೆ ಇನ್ನು ಹಳೆಯ ವಿದ್ಯಾರ್ಥಿಗಳಾದ ನಿಮ್ಮದು.