ಲಾರಿ ಡೈರಿ – 4: ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ

ಹೋದ ಸಲ ನಮ್ಮ ಹಳೇ ಲಾರಿಯ ಎಕ್ಸ್‌ಟ್ರಾ ಲೈಟು ನೋಡಿ "ಸಖತ್ ಮಗಾ" ಅಂದ್ರಲ್ಲ, ಅದರ ವೈರು ಇದು. ಎರಡನೇ ಫೋಟೋ ನೋಡಿ, ಕರಕಲು.

ಲಕ್ಕೂರಿಂದ ಟೊಮೇಟೊ ತುಂಬ್ಕೊಂಡು ಕೋಲಾರ ಮಾರ್ಕೆಟ್ಟಿಗೆ ಹೋದ ರಾತ್ರಿ ಅಪ್ಪ ಕ್ಯಾಬಿನ್ನಲ್ಲೇ ಮಲಗೋದು. ಅವತ್ತು ಕಣ್ಣು ಮುಚ್ಚೋ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಇಳಿದು ಓಡಿ ಬ್ಯಾಟರಿ ವೈರ್ ಕಿತ್ತಾಕಿದ್ರು. ನಿದ್ದೆ ಹತ್ತಿದ್ದಿದ್ರೆ? ಅಮ್ಮ ಆ ಮಾತು ಎತ್ತೋಕೂ ಬಿಡಲ್ಲ.

ವೈರಿಂಗ್ ಮಾಡಿದ್ದು ನಾನೇ. 100 ವ್ಯಾಟ್‌ನ ಎರಡು ಬಲ್ಬು. 12 ವೋಲ್ಟ್ ಬ್ಯಾಟರಿಗೆ ಅದು ಹತ್ತಿರ ಹತ್ತಿರ 17 ಆಂಪಿಯರ್. ಹಾಕಿದ್ದ 10ರ ಫ್ಯೂಸು ಪದೇ ಪದೇ ಹೋಗ್ತಿತ್ತು. ಬೇಜಾರಾಗಿ ತಾಮ್ರದ ಎಳೆ ಸುತ್ತಿಬಿಟ್ಟೆ. ಫಿಸಿಕ್ಸಲ್ಲಿ ಫ್ಯೂಸ್ ಬಗ್ಗೆ ಬರೆದು ಫುಲ್ ಮಾರ್ಕ್ಸ್ ತಗೊಂಡವನು ನಾನು, ನಗಬೇಡಿ.

ವೈರು ಕ್ಯಾಬಿನ್ನಿನ ತಗಡಿನ ತೂತಲ್ಲಿ ಹಾದು ಬರುತ್ತೆ. ಗಾಡಿ ಅದುರಿ ಅದುರಿ ಅಂಚಿಗೆ ಸವೆದು, ಒಳಗಿನ ತಾಮ್ರ ಬಾಡಿಗೆ ತಾಗಿದೆ. ಸವೆದಿದ್ದು ಬ್ಯಾಟರಿಗೂ ಸ್ವಿಚ್ಚಿಗೂ ನಡುವೆ. ಅದಕ್ಕೇ ಕೀ ತೆಗೆದು, ಲೈಟ್ ಆಫ್ ಮಾಡಿದ್ರೂ ಕರೆಂಟ್ ಹರೀತಾನೇ ಇತ್ತು. ಸರಿಯಾದ ಫ್ಯೂಸ್ ಇದ್ದಿದ್ರೆ ಆ ಕ್ಷಣವೇ ಕಟ್ ಆಗ್ತಿತ್ತು. ನನ್ನ ಎಳೆ ಕಟ್ ಆಗ್ಲಿಲ್ಲ, ವೈರೇ ಒಲೆ ಆಯ್ತು.

ಈಗ 55 ವ್ಯಾಟ್ ಬಲ್ಬು, ದಪ್ಪ ವೈರು, ಬ್ಯಾಟರಿ ಪಕ್ಕದಲ್ಲೇ 15ರ ಫ್ಯೂಸು, ತೂತಿಗೆ ರಬ್ಬರ್ ಬುಷ್. ಆದ್ರೆ ಸೆಲ್ಫ್ ಮೋಟಾರಿಗೆ ಹೋಗೋ ದಪ್ಪ ಕೇಬಲ್ಲಿಗೆ ಹಳೇ ಗಾಡೀಲಿ ಸಾಮಾನ್ಯವಾಗಿ ಫ್ಯೂಸೇ ಇರಲ್ಲ. ಅದು ಸವೆದ್ರೆ ಇನ್ನೂ ಕಷ್ಟ, ಹತ್ತಿರ ಡೀಸೆಲ್ ಜಿನುಗ್ತಿದ್ರಂತೂ ಕೇಳ್ಲೇಬೇಡಿ. ಅದಕ್ಕೆ ಕಟಾಫ್ ಸ್ವಿಚ್ ಹಾಕಿಸಿದ್ವಿ. ಅಪ್ಪ ಅದನ್ನ ತಿರುಗಿಸಿಯೇ ಮಲಗೋದು.

ನಿಮ್ಮನೇಲೂ ಹಳೇ ಗಾಡಿ ಇದ್ರೆ ಫ್ಯೂಸ್ ಬಾಕ್ಸ್ ತೆಗೆದು ಒಂದು ಫೋಟೋ ಕಳ್ಸಿ. ಎಳೆ ಸುತ್ತಿದ್ರೂ ಪರವಾಗಿಲ್ಲ, ಬೈಯಲ್ಲ.